ಮೂರು ಕಿಟ್, ಮೂರು ಉತ್ತರ: ಉಪ್ಪುನೀರಿನ ಟ್ಯಾಂಕಿಗೆ ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಮೈಸೂರಿನವನು. ನಾಲ್ಕು ತಿಂಗಳ ಹಿಂದೆ 150 ಲೀಟರಿನ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದೆ. ಒಂದು ಜೊತೆ ಕ್ಲೌನ್‌ಫಿಶ್, ಒಂದು ಕ್ಲೀನರ್ ಸಿಗಡಿ ಇವೆ. ಮನೆಯ ಪ್ಯೂರಿಫೈಯರ್ ನೀರಿಗೆ ಸಮುದ್ರದ ಉಪ್ಪು ಕಲಸುತ್ತೇನೆ. ನೀರಿಗೆ ಅದ್ದಿ ಬಣ್ಣ ನೋಡುವ ನನ್ನ ಟೆಸ್ಟ್ ಸ್ಟ್ರಿಪ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೇಟ್ 40. ಆನ್‌ಲೈನ್‌ನಲ್ಲಿ ತರಿಸಿದ ಎಪಿಐ ಕಂಪನಿಯ ಹನಿ ಕಿಟ್‌ನಲ್ಲಿ ಅಮೋನಿಯಾ 0.25. ಕಾಲೇಜಿನ ಲ್ಯಾಬ್‌ನಲ್ಲಿರುವ ಗೆಳೆಯ ನೋಡಿ, ನೈಟ್ರೇಟ್ 9 ಎಂದ. ಅಮೋನಿಯಾ ಟೆಸ್ಟ್ ಮಾಡಿದರೆ ನೀರೇ ಮಬ್ಬಾಯಿತಂತೆ. ಹೆದರಿಕೊಂಡು ಒಂದೇ ವಾರದಲ್ಲಿ ಮೂರು ಸಲ ನೀರು ಬದಲಿಸಿದೆ, ಅಮೋನಿಯಾ ತೆಗೆಯುವ ದ್ರಾವಣವನ್ನೂ ಹಾಕಿದೆ. 0.25 ಮಾತ್ರ ಇಳಿಯುತ್ತಿಲ್ಲ. ಮುಂದೆ ಸಾಫ್ಟ್ ಕೋರಲ್ (ಮೆತ್ತನೆಯ ಹವಳ) ಇಡುವ ಆಸೆ. ಯಾವ ಕಿಟ್ ನಂಬಲಿ? ಏಳೆಂಟು ಸಾವಿರದೊಳಗೆ ಏನೇನು ಕೊಳ್ಳಲಿ? ಸ್ಟ್ರಿಪ್ ಡಬ್ಬಿಯ ಫೋಟೋ ಕಳಿಸಿದ್ದೇನೆ.

ಉತ್ತರ:

ಮೊದಲು ಒಂದು ಕೆಲಸ ಮಾಡಿ. ನೀರು ಬದಲಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಆ ದ್ರಾವಣದ ಬಾಟಲಿಯನ್ನೂ ಎತ್ತಿಡಿ. ನಿಮ್ಮ ಮೀನುಗಳು ಚೆನ್ನಾಗಿ ತಿನ್ನುತ್ತಿದ್ದರೆ, ಮೇಲಕ್ಕೆ ಬಂದು ಬಾಯಿ ಬಿಡುತ್ತಿಲ್ಲವಾದರೆ, ಗಾಬರಿ ಪಡುವಂಥದ್ದೇನೂ ಆಗಿಲ್ಲ. ನೀವು ಬರೆದಿರುವ ಮೂರು ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಬಿಡಿಸಿ ನೋಡಿದರೆ ಅಷ್ಟೇನೂ ವಿರುದ್ಧ ಇಲ್ಲ.

ಸ್ಟ್ರಿಪ್‌ನಿಂದ ಶುರು ಮಾಡೋಣ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಡಬ್ಬಿಯ ಮೇಲೆ ಆರು ಚೌಕಗಳಿವೆ: ನೈಟ್ರೇಟ್, ನೈಟ್ರೈಟ್, ಗಡಸುತನ, ಕ್ಲೋರಿನ್, ಕೆಎಚ್ (ಪಿಎಚ್ ಏರಿಳಿಯದಂತೆ ತಡೆಯುವ ಕಾರ್ಬೊನೇಟ್‌ಗಳ ಅಳತೆ), ಪಿಎಚ್. ಅಮೋನಿಯಾ ಅದರಲ್ಲಿ ಇಲ್ಲವೇ ಇಲ್ಲ. ನೀವು ಸೊನ್ನೆ ಎಂದು ಓದಿದ್ದು ನೈಟ್ರೈಟ್ ಚೌಕವನ್ನು. ಇದು ನಿಮ್ಮೊಬ್ಬರಿಗೇ ಆಗುವ ತಪ್ಪಲ್ಲ. ಇಂಥ ಸ್ಟ್ರಿಪ್‌ಗಳಲ್ಲಿ ಹೆಚ್ಚಿನವು ಅಮೋನಿಯಾ ಅಳೆಯುವುದೇ ಇಲ್ಲ, ಅದಕ್ಕೆ ಬೇರೆ ಸ್ಟ್ರಿಪ್ ಮಾರುತ್ತಾರೆ. ಜೊತೆಗೆ, ಗಡಸುತನದ ಚೌಕ ಉಪ್ಪುನೀರಿಗೆ ಉಪಯೋಗಕ್ಕೆ ಬಾರದು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂಗಿಂತ ಜಾಸ್ತಿ, ಮೆಗ್ನೀಷಿಯಂ 1,300ರ ಹತ್ತಿರ. ಆ ಚೌಕದ ಬಣ್ಣ ಅಲ್ಲಿಗೆ ತಲುಪುವ ಮೊದಲೇ ಮುಗಿದುಹೋಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ನಾಲ್ಕು ಸಲ ತೆಗೆದರೆ ಸಾಕು, ಒಳಗಿನ ಚೌಕಗಳು ತೇವ ಹಿಡಿದು ಹಾಳಾಗುತ್ತವೆ. ಸ್ಟ್ರಿಪ್‌ಗೆ ಇನ್ನು ದುಡ್ಡು ಹಾಕಬೇಡಿ.

ಈಗ ನೈಟ್ರೇಟ್. ನಿಮ್ಮದು 40, ಗೆಳೆಯರದ್ದು 9. ಗೆಳೆಯರನ್ನು ಒಂದು ಮಾತು ಕೇಳಿ: "ನೀನು ಹೇಳಿದ್ದು ನೈಟ್ರೇಟೋ, ನೈಟ್ರೇಟಿನಲ್ಲಿರುವ ನೈಟ್ರೋಜನ್ನೋ?" ಲ್ಯಾಬ್‌ನವರು ಬಹಳ ಸಲ ಎರಡನೆಯದನ್ನೇ ಬರೆಯುತ್ತಾರೆ. ಅದನ್ನು 4.43ರಿಂದ ಗುಣಿಸಿದರೆ ನಾವು ಅಕ್ವೇರಿಯಂನವರು ಹೇಳುವ ನೈಟ್ರೇಟ್ ಸಿಗುತ್ತದೆ. 9ನ್ನು 4.43ರಿಂದ ಗುಣಿಸಿ ನೋಡಿ. 40 ಬರುತ್ತದೆ! ಹಾಗಿದ್ದರೆ ಇಬ್ಬರೂ ಹೇಳಿದ್ದು ಒಂದೇ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಮೆರಿಕದಲ್ಲಿ 10. ಅವರದ್ದು ನಾಲ್ಕು ಪಟ್ಟು ಬಿಗಿ ಅಂತಲ್ಲ, ಅವರು ನೈಟ್ರೋಜನ್ ಲೆಕ್ಕದಲ್ಲಿ ಬರೆಯುತ್ತಾರೆ, ಅಷ್ಟೇ. ಕಿಟ್ ಕೊಳ್ಳುವಾಗ ಬಣ್ಣ ಹೋಲಿಸುವ ಕಾರ್ಡಿನ ಮೂಲೆಯಲ್ಲಿ ಸಣ್ಣದಾಗಿ ಬರೆದಿರುವ ಇದನ್ನು ಮೊದಲು ಓದಿ. ನೈಟ್ರೈಟಿಗೆ ಈ ಗುಣಕ 3.28, ಫಾಸ್ಫೇಟಿಗೆ 3.07.

ಗೆಳೆಯರ ಅಮೋನಿಯಾ ಟೆಸ್ಟ್‌ನಲ್ಲಿ ನೀರು ಮಬ್ಬಾಯಿತು ಅಂದಿರಲ್ಲ, ಅದಕ್ಕೂ ಕಾರಣ ಇದೆ. ಅಮೋನಿಯಾ ಅಳೆಯಲು ಎರಡು ಬಗೆಯ ಹಳೆಯ ರಸಾಯನ ಬಳಕೆಯಲ್ಲಿವೆ. ಒಂದು ನೆಸ್ಲರ್ ದ್ರಾವಣ. ಇದರಲ್ಲಿ ಪಾದರಸ ಇರುತ್ತದೆ, ಬಣ್ಣ ಹಳದಿಯಿಂದ ಕಂದಿಗೆ ತಿರುಗುತ್ತದೆ. ಇನ್ನೊಂದು ಸ್ಯಾಲಿಸಿಲೇಟ್ ಪದ್ಧತಿ, ಬಣ್ಣ ಹಳದಿಯಿಂದ ಹಸಿರಿಗೆ ಹೋಗುತ್ತದೆ. ನೆಸ್ಲರ್ ಸಿಹಿನೀರಿಗೆ ಒಳ್ಳೆಯದೇ. ಸಮುದ್ರದ ನೀರಿಗೆ ಹಾಕಿದರೆ ಅಲ್ಲಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಬಿಳಿ ಮಡ್ಡಿಯಾಗಿ ಕೂರುತ್ತವೆ. ನಿಮ್ಮ ಗೆಳೆಯರು ಕಂಡ ಮಬ್ಬು ಬಹುಶಃ ಅದೇ. ಅವರ ಕೆಲಸದಲ್ಲಿ ತಪ್ಪಿಲ್ಲ, ಆ ದ್ರಾವಣ ಈ ನೀರಿಗೆ ಹೊಂದುವುದಿಲ್ಲ. ಉಳಿದದ್ದನ್ನು ಸಿಂಕಿಗೆ ಸುರಿಯದಂತೆ ಹೇಳಿ, ಪಾದರಸ ಇರುತ್ತದೆ.

ಇದೇ ಕಾರಣಕ್ಕೆ ಕುಡಿಯುವ ನೀರಿಗೆಂದು ಮಾಡಿದ ಕಿಟ್‌ಗಳು ನಮಗೆ ಆಗಿಬರುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಕೊಟ್ಟಿದ್ದಾರೆ, ಹಳ್ಳಿಯ ಹೆಣ್ಣುಮಕ್ಕಳಿಗೆ ಅದರಲ್ಲಿ ತರಬೇತಿಯನ್ನೂ ಕೊಟ್ಟಿದ್ದಾರೆ. ಬೋರ್‌ವೆಲ್ ನೀರಿಗೆ ಅದು ನಿಜಕ್ಕೂ ಉಪಯುಕ್ತ. ಕೆಲವರು ಅದನ್ನೇ ಉಪ್ಪುನೀರಿಗೂ ಬಳಸಬಹುದಾ ಎಂದು ಕೇಳುತ್ತಾರೆ. ಬೇಡ. ಕುಡಿಯುವ ನೀರಿನಲ್ಲಿ ಕ್ಲೋರೈಡ್ 250 ಮಿಲಿಗ್ರಾಂ ದಾಟಬಾರದು ಎಂಬ ಲೆಕ್ಕ. ಸಮುದ್ರದ ನೀರಿನಲ್ಲಿ ಅದು 19,000 ಆಸುಪಾಸು. ಅಷ್ಟು ಉಪ್ಪಿನ ನಡುವೆಯೂ ಸರಿಯಾಗಿ ಬಣ್ಣ ಕೊಡುತ್ತದೆಯೇ ಎಂಬುದೇ ನಮ್ಮ ಕಿಟ್‌ನ ಮೊದಲ ಪರೀಕ್ಷೆ. ಡಬ್ಬಿಯ ಮೇಲೆ ಉಪ್ಪುನೀರಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಅಮೋನಿಯಾ ಕಿಟ್ ಆದರೆ ಬಣ್ಣ ಹಸಿರಿಗೆ ಹೋಗುವಂಥದ್ದಾಗಿರಬೇಕು.

ನಿಮ್ಮ ಎಪಿಐ ಕಿಟ್ ಆ ಹಸಿರು ಬಗೆಯದ್ದೇ. ಹಾಗಾದರೆ 0.25 ಯಾಕೆ ಇಳಿಯುತ್ತಿಲ್ಲ?

ಈ 0.25 ಎಷ್ಟು ಜನರ ನಿದ್ದೆ ಕೆಡಿಸಿದೆಯೋ. ಆ ಕಾರ್ಡಿನಲ್ಲಿ ಸೊನ್ನೆಯ ಹಳದಿಗೂ 0.25ರ ಎಳೆಹಸಿರಿಗೂ ಇರುವ ವ್ಯತ್ಯಾಸ ಬಹಳ ಕಡಿಮೆ. ಟ್ಯೂಬ್‌ಲೈಟ್ ಕೆಳಗೆ, ಅದರಲ್ಲೂ ಟ್ಯಾಂಕಿನ ನೀಲಿ ಎಲ್‌ಇಡಿ ಪಕ್ಕದಲ್ಲಿ ನಿಂತು ನೋಡಿದರೆ ಹಳದಿಯೂ ಹಸಿರಾಗಿಯೇ ಕಾಣುತ್ತದೆ. ಐದು ನಿಮಿಷಕ್ಕೆ ಓದಬೇಕಾದದ್ದನ್ನು ಹದಿನೈದು ನಿಮಿಷ ಬಿಟ್ಟು ಓದಿದರೆ ಬಣ್ಣ ಇನ್ನೂ ಗಾಢವಾಗುತ್ತದೆ. ನೀವು ಹಾಕಿದ ದ್ರಾವಣವೂ ಸೇರಿಕೊಂಡಿದೆ. ಅಂಥ ದ್ರಾವಣಗಳು ಅಮೋನಿಯಾವನ್ನು ನೀರಿನಿಂದ ಹೊರಗೆ ಕಳಿಸುವುದಿಲ್ಲ. ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿಹಾಕಿದ್ದನ್ನೂ ನಿಮ್ಮ ಕಿಟ್ ಎಣಿಸಿಬಿಡುತ್ತದೆ. ಇಳಿಯಲಿ ಎಂದು ಇನ್ನಷ್ಟು ಹಾಕಿದರೂ ಅಂಕಿ ಅಲ್ಲೇ ನಿಲ್ಲುತ್ತದೆ.

ಒಂದು ಪಕ್ಷ 0.25 ನಿಜವೇ ಆಗಿದ್ದರೂ ಅದು ಒಟ್ಟು ಅಮೋನಿಯಾ. ಮೀನಿಗೆ ನಿಜವಾಗಿ ಕೆಡುಕು ಮಾಡುವ ರೂಪ ಅದರಲ್ಲಿ ಒಂದು ಪಾಲು ಮಾತ್ರ. ಪಿಎಚ್ 8.2, ನೀರು 26 ಡಿಗ್ರಿ ಇದ್ದಾಗ ಆ ಪಾಲು ನೂರಕ್ಕೆ ಐದರಿಂದ ಹತ್ತರ ನಡುವೆ ಇರುತ್ತದೆ. ಅಂದರೆ 0.02 ಸುತ್ತಮುತ್ತ. ಬಹಳ ದಿನ ಹಾಗೇ ಇರುವುದು ಒಳ್ಳೆಯದಲ್ಲ, ನಿಜ. ಆದರೆ ಒಂದೇ ರಾತ್ರಿಯಲ್ಲಿ ಕ್ಲೌನ್‌ಫಿಶ್ ಸಾಯುವ ಮಟ್ಟವಲ್ಲ.

ನಿಜವೋ ಭ್ರಮೆಯೋ ಎಂದು ತಿಳಿಯಲು ಸುಲಭದ ದಾರಿ ಇದೆ. ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್‌ಗೆ ಬೆರೆಸುವ ನೀರಿನ ಸಣ್ಣ ಆಂಪೂಲ್ ಸಿಗುತ್ತದೆ. ಅಗ್ಗದ್ದು, ತುಂಬ ಶುದ್ಧವಾದದ್ದು. ನಿಮ್ಮ ಟ್ಯೂಬಿಗೆ ಬೇಕಾದದ್ದೂ 5 ಮಿಲಿಲೀಟರೇ. ಒಂದು ಟ್ಯೂಬಿಗೆ ಆ ನೀರು ಹಾಕಿ. ಇನ್ನೊಂದಕ್ಕೆ ಹೊಸದಾಗಿ ಕಲಸಿದ, ಟ್ಯಾಂಕಿಗೆ ಇನ್ನೂ ಸುರಿಯದ ಉಪ್ಪುನೀರು. ಮೂರನೆಯದಕ್ಕೆ ಟ್ಯಾಂಕಿನ ನೀರು. ಮೂರಕ್ಕೂ ಒಂದೇ ಹೊತ್ತಿಗೆ ಹನಿ ಹಾಕಿ, ಬೆಳಗಿನ ಹೊತ್ತು ಕಿಟಕಿಯ ಹತ್ತಿರ, ಬಿಳಿ ಹಾಳೆ ಹಿಂದೆ ಹಿಡಿದು ನೋಡಿ. ಕಾರ್ಡು ಬೇಡ. ಮೂರನ್ನೂ ಒಂದಕ್ಕೊಂದು ಹೋಲಿಸಿ ನೋಡಿ. ಎರಡನೆಯದಕ್ಕೂ ಮೂರನೆಯದಕ್ಕೂ ಬಣ್ಣ ಒಂದೇ ಇದ್ದರೆ ನಿಮ್ಮ ಟ್ಯಾಂಕಿನಲ್ಲಿ ಅಮೋನಿಯಾ ಕೂಡಿಕೊಳ್ಳುತ್ತಿಲ್ಲ. ನಾಲ್ಕು ತಿಂಗಳಾದ, ಮೂರೇ ಜೀವ ಇರುವ ಟ್ಯಾಂಕಿನಲ್ಲಿ ಹಾಗೇ ಬರುತ್ತದೆ ಎಂದು ನನಗೆ ಅನಿಸುತ್ತದೆ.

"ಯಾವ ಬ್ರ್ಯಾಂಡ್ ನಂಬಲಿ" ಎಂದು ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಟ್ಯಾಂಕಿನ ನೀರನ್ನು ಪರೀಕ್ಷಿಸುವ ಮೊದಲು ಕಿಟ್ಟನ್ನೇ ಪರೀಕ್ಷಿಸಿ. ಕಿರಾಣಿ ಅಂಗಡಿಯ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುತ್ತಾರಲ್ಲ, ಹಾಗೆ. ಉತ್ತರ ಮೊದಲೇ ಗೊತ್ತಿರುವ ನೀರನ್ನು ನಾವೇ ಮಾಡಿ, ಕಿಟ್ ಅದನ್ನೇ ಹೇಳುತ್ತದೆಯೇ ನೋಡಬೇಕು. ಇದಕ್ಕೆ ಲ್ಯಾಬ್ ಬೇಕಿಲ್ಲ. 0.01 ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಲೀಟರ್ ಬಾಟಲಿ, ಮೆಡಿಕಲ್ ಶಾಪಿನ 1 ಮಿಲಿ ಮತ್ತು 10 ಮಿಲಿ ಸಿರಿಂಜ್ ಇದ್ದರೆ ಆಯಿತು.

ಕೆಎಚ್‌ಗೆ ನಿಮ್ಮ ಅಡುಗೆಮನೆಯ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಬರೀ ಅಡುಗೆ ಸೋಡಾ. 2.4 ಗ್ರಾಂ ಸೋಡಾವನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಅದರಿಂದ 100 ಮಿಲಿ ತೆಗೆದು, ಮತ್ತೆ 900 ಮಿಲಿ ಡಿಸ್ಟಿಲ್ಡ್ ನೀರು ಸೇರಿಸಿ. ಈ ನೀರಿನ ಕೆಎಚ್ 8 ಡಿಗ್ರಿ. ನಿಮ್ಮ ಕಿಟ್ 7.7ರಿಂದ 8.3ರೊಳಗೆ ಹೇಳಿದರೆ ಕಣ್ಣು ಮುಚ್ಚಿ ನಂಬಿ. 9.5 ಹೇಳಿದರೆ, ಮುಂದೆ ಪ್ರತಿ ಸಲವೂ ಆ ಹೆಚ್ಚಿನ ಒಂದೂವರೆಯನ್ನು ಕಳೆದು ಓದಬೇಕು, ಇಲ್ಲವೇ ಕಿಟ್ ಬದಲಿಸಬೇಕು.

ನೈಟ್ರೇಟಿಗೆ ಗೊಬ್ಬರದ ಅಂಗಡಿಗೆ ಹೋಗಿ. ಡ್ರಿಪ್ ಇಟ್ಟಿರುವ ರೈತರೆಲ್ಲ ಬಳಸುವ 13:0:45 ಗೊಬ್ಬರ ಎಂದರೆ ಪೊಟ್ಯಾಷಿಯಂ ನೈಟ್ರೇಟೇ. ಗೊತ್ತಿರುವ ರೈತರು ಇದ್ದರೆ ಒಂದು ಚಮಚ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. 1.63 ಗ್ರಾಂ ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ 1,000 ಪಿಪಿಎಂ (ಲೀಟರಿಗೆ 1,000 ಮಿಲಿಗ್ರಾಂ) ನೈಟ್ರೇಟ್. ಅದರಿಂದ 10 ಮಿಲಿ ತೆಗೆದು ಒಂದು ಲೀಟರ್ ಆಗುವಷ್ಟು ನೀರು ಸೇರಿಸಿದರೆ 10 ಪಿಪಿಎಂ. ಗೊಬ್ಬರ ಪೂರ್ತಿ ಶುದ್ಧ ಅಲ್ಲ, ಓದು ಸ್ವಲ್ಪ ಕಡಿಮೆ ಬರಬಹುದು. ಬಣ್ಣ ನೋಡಿ ಹೇಳುವ ಕಿಟ್‌ಗೆ ಆ ವ್ಯತ್ಯಾಸ ಕಾಣುವುದೂ ಇಲ್ಲ.

ಅಮೋನಿಯಾಕ್ಕೆ ನವಸಾಗರ ಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರಲ್ಲ, ಅದೇ ಅಮೋನಿಯಂ ಕ್ಲೋರೈಡ್. ಆದರೆ ಕಲಾಯಿಯ ನವಸಾಗರದಲ್ಲಿ ಕಲ್ಮಷ ಇರಬಹುದು. ನಿಮ್ಮ ಗೆಳೆಯರ ಲ್ಯಾಬಿನಿಂದ ಒಂದು ಚಿಟಿಕೆ ಶುದ್ಧವಾದದ್ದು ತರಿಸಿಕೊಳ್ಳಿ. 0.31 ಗ್ರಾಂ ನೂರು ಮಿಲಿಯಲ್ಲಿ ಕರಗಿಸಿ. ಟ್ಯಾಂಕಿನ ನೀರನ್ನೇ ಒಂದು ಲೀಟರ್ ಬಾಟಲಿಗೆ ತೆಗೆದುಕೊಂಡು ಅದಕ್ಕೆ ಈ ದ್ರಾವಣ 1 ಮಿಲಿ ಹಾಕಿದರೆ, ಅಮೋನಿಯಾ ಸುಮಾರು 1 ಪಿಪಿಎಂ ಏರಬೇಕು. ಬಣ್ಣವೂ ಕಾರ್ಡಿನಲ್ಲಿ ಅಷ್ಟೇ ಏರಬೇಕು. ಏರದಿದ್ದರೆ ಆ ಕಿಟ್ ಸತ್ತಿದೆ. ಪರೀಕ್ಷೆ ಮಾಡಿದ ನೀರನ್ನು ಮರೆತು ಟ್ಯಾಂಕಿಗೆ ಸುರಿಯಬೇಡಿ. ಬಾಟಲಿಗಳ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಸುಮಾರು ಜನ ಕೇಳುತ್ತಾರೆ, ಮಲ್ಪೆಯಿಂದಲೋ ಮಂಗಳೂರಿನಿಂದಲೋ ಒಂದು ಕ್ಯಾನ್ ಸಮುದ್ರದ ನೀರು ತಂದು ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದಲ್ವಾ ಎಂದು. ಕೇಳಲು ಸರಿ ಅನಿಸುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ನದಿಗಳು ಒಂದರ ಪಕ್ಕ ಒಂದು ಸಮುದ್ರ ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ಹತ್ತಿರದ ನೀರಿಗೆ ಎಷ್ಟು ಮಳೆನೀರು ಸೇರಿರುತ್ತದೆ ಎಂದು ಹೇಳಲಾಗದು. ಅಳತೆಗೋಲೇ ಉದ್ದ ಗಿಡ್ಡ ಆಗುತ್ತಿದ್ದರೆ ಹೇಗೆ?

ಕೈಕೆಲಸದ ಬಗ್ಗೆ ಒಂದಿಷ್ಟು. ಒಳ್ಳೆಯ ಕಿಟ್ ಕೂಡ ಅವಸರದ ಕೈಯಲ್ಲಿ ಸುಳ್ಳು ಹೇಳುತ್ತದೆ. ಎಪಿಐ ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನು ಜೋರಾಗಿ ಮೂವತ್ತು ಸೆಕೆಂಡ್ ಕುಲುಕಬೇಕು. ಹನಿ ಹಾಕಿದ ಮೇಲೆ ಟ್ಯೂಬನ್ನು ಒಂದು ನಿಮಿಷ ಕುಲುಕಬೇಕು. ಇದು ಶಾಸ್ತ್ರಕ್ಕೆ ಬರೆದದ್ದಲ್ಲ. ನೈಟ್ರೇಟನ್ನು ನೇರವಾಗಿ ಬಣ್ಣ ಬರಿಸುವುದು ಕಷ್ಟ. ಅದನ್ನು ಮೊದಲು ನೈಟ್ರೈಟ್ ಮಾಡಬೇಕು. ಆ ಕೆಲಸ ಮಾಡುವ ಪುಡಿ ಬಾಟಲಿಯ ತಳದಲ್ಲಿ ಕೂತಿರುತ್ತದೆ. ಕುಲುಕದೇ ಇದ್ದರೆ ಪುಡಿ ಬರುವುದಿಲ್ಲ, ಟ್ಯಾಂಕಿನಲ್ಲಿ 40 ಇದ್ದರೂ 5 ಎಂದು ತೋರಿಸುತ್ತದೆ. ಬಾಟಲಿ ಅರ್ಧ ಆಗುವವರೆಗೆ ಕುಲುಕದೆ ಬಳಸಿದ್ದರೆ ಉಳಿದ ಅರ್ಧದಲ್ಲಿ ಪುಡಿ ಜಾಸ್ತಿಯಾಗಿ ಅದೂ ತಪ್ಪುತ್ತದೆ. ಇದೇ ಕಾರಣಕ್ಕೆ ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಇರುವಾಗ ನೈಟ್ರೇಟ್ ಟೆಸ್ಟ್ ಮಾಡಿದರೆ ಸುಮ್ನೆ ದೊಡ್ಡ ಅಂಕಿ ಬರುತ್ತದೆ.

20ಕ್ಕೂ 40ಕ್ಕೂ ಬಣ್ಣ ಗುರುತಾಗದಿದ್ದರೆ ನೀರನ್ನು ತೆಳು ಮಾಡಿ. ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರು ಸೇರಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಗಾಢ ಕೆಂಪುಗಳ ನಡುವೆ ತಡಕಾಡುವ ಬದಲು ಕಿತ್ತಳೆಯ ಹತ್ತಿರ ಓದಬಹುದು. ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿದು ಹನಿ ಹಾಕಿ, ಓರೆ ಹಿಡಿದರೆ ಹನಿಯ ಗಾತ್ರ ಬೇರೆಯಾಗುತ್ತದೆ. ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಬೇಡಿ, ಬೆವರಿನಲ್ಲೂ ಅಮೋನಿಯಾ ಇದೆ. ತೊಳೆಯಲು ಸೋಪು ಬೇಡ.

ಕಿಟ್ ಎಷ್ಟು ಹಳೆಯದು ಎಂಬುದೂ ಮುಖ್ಯ. ಎಪಿಐ ಬಾಟಲಿಗಳ ಲಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ. 0323 ಎಂದಿದ್ದರೆ 2023ರ ಮಾರ್ಚ್. ಬೇರೆ ಕಂಪನಿಗಳು ಮುಗಿಯುವ ದಿನಾಂಕ ಬರೆಯುತ್ತವೆ. ರಿಯಾಯಿತಿಯಲ್ಲಿ ಸಿಗುವ ಕಿಟ್‌ಗಳ ದಿನಾಂಕ ಕೇಳದೆ ಕೊಳ್ಳಬೇಡಿ. ನಮ್ಮ ಬೇಸಿಗೆಯಲ್ಲಿ ಗೋದಾಮು, ಕೊರಿಯರ್ ವ್ಯಾನು ಎಲ್ಲ ಸುತ್ತಿ ಬರುವ ದ್ರಾವಣ ಬೇಗ ಸೋಲುತ್ತದೆ. ಮನೆಯಲ್ಲೂ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡಬೇಡಿ. ಅಲ್ಲಿ ತೇವ, ಬಿಸಿ ಎರಡೂ ಇರುತ್ತವೆ.

ಈಗ ನೀವು ಕೇಳದೇ ಬಿಟ್ಟ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಪತ್ರದಲ್ಲಿ ಅಮೋನಿಯಾ ಇದೆ, ನೈಟ್ರೇಟ್ ಇದೆ. ಉಪ್ಪಿನಂಶ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಯಾವುದರಿಂದ ಅಳೆಯುತ್ತೀರಿ ಎಂದೂ ಬರೆದಿಲ್ಲ.

ನಾನು ಶುರು ಮಾಡಿದ ಹೊಸತರಲ್ಲಿ ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ, ಮುಳ್ಳು ಏರುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಒಂದೇ ಇತ್ತು. ಪ್ರತಿ ವಾರ ನೋಡುತ್ತಿದ್ದೆ, ಪ್ರತಿ ವಾರ 1.023 ತೋರಿಸುತ್ತಿತ್ತು. ಸ್ವಲ್ಪ ಕಡಿಮೆ ಎಂದು ಉಪ್ಪು ಸೇರಿಸುತ್ತಿದ್ದೆ. ಮುಳ್ಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಪ್ಪು ಗಟ್ಟಿಯಾಗಿ ಕೂತು ಅದನ್ನು ಕೆಳಗೆ ಎಳೆಯುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಸಿಗಡಿ ಪೊರೆ ಬಿಡುವ ಹೊತ್ತಿಗೆ ಸತ್ತುಹೋಯಿತು. ಒಂದೂವರೆ ವರ್ಷ ಸಾಕಿದ್ದ ಸಿಗಡಿ. ಕೈ ಒಳಗಿಟ್ಟರೆ ಬಂದು ಉಗುರಿನ ಸಂದಿ ಸ್ವಚ್ಛ ಮಾಡುತ್ತಿತ್ತು. ಆಮೇಲೆ ಗೆಳೆಯರ ರಿಫ್ರ್ಯಾಕ್ಟೋಮೀಟರಿನಲ್ಲಿ (ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ಉಪಕರಣ) ನೋಡಿದರೆ ಸಾವಿರಕ್ಕೆ 40 ಇತ್ತು. ಇರಬೇಕಾದದ್ದು 35. ಅಮೋನಿಯಾ, ನೈಟ್ರೇಟ್, ಪಿಎಚ್ ಎಲ್ಲ ಚೆನ್ನಾಗಿಯೇ ಇದ್ದವು. ಅಳೆಯದೇ ಬಿಟ್ಟದ್ದು, ಸರಿ ಇದೆ ಎಂದುಕೊಂಡದ್ದು ಮಾತ್ರ ತಪ್ಪಿತ್ತು. ಇಂದಿಗೂ ಯಾರಾದರೂ "ಎಲ್ಲ ಟೆಸ್ಟ್ ಸರಿ ಇದೆ, ಆದರೂ ಸಿಗಡಿ ಸತ್ತಿತು" ಎಂದರೆ ನಾನು ಮೊದಲು ಕೇಳುವುದು ಉಪ್ಪನ್ನೇ.

ಹಾಗಾಗಿ ನಿಮ್ಮ ಏಳೆಂಟು ಸಾವಿರದಲ್ಲಿ ಮೊದಲ ಖರ್ಚು ರಿಫ್ರ್ಯಾಕ್ಟೋಮೀಟರ್. ಜೊತೆಗೆ 35 ಪಿಪಿಟಿ (ಸಾವಿರಕ್ಕೆ 35) ಎಂದು ಬರೆದ ಹೊಂದಿಸುವ ದ್ರಾವಣ. ಇವೆರಡೂ ಒಟ್ಟಿಗೇ ಬರಬೇಕು. ಅಗ್ಗದ ರಿಫ್ರ್ಯಾಕ್ಟೋಮೀಟರ್‌ಗಳು ಬಹಳಷ್ಟು ಅಡುಗೆ ಉಪ್ಪಿನ ನೀರಿಗೆಂದು ಮಾಡಿದವು, ಸಮುದ್ರದ ನೀರಿಗೆಂದಲ್ಲ. ಸಮುದ್ರದ ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಬೆಳಕು ಬಾಗುವುದು ಸ್ವಲ್ಪ ಬೇರೆ. ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ಹೊಂದಿಸಿದರೆ ಸೊನ್ನೆಯ ಹತ್ತಿರ ಸರಿ ಇರುತ್ತದೆ, ನಮಗೆ ಬೇಕಾದ 35ರ ಹತ್ತಿರ ಒಂದೂವರೆಯಷ್ಟು ತಪ್ಪುತ್ತದೆ. 35ರ ದ್ರಾವಣ ಹಾಕಿ ಅಲ್ಲೇ ಹೊಂದಿಸಿ.

ಆ ದ್ರಾವಣ ಸಿಗದಿದ್ದರೆ ಮನೆಯಲ್ಲೂ ಮಾಡಬಹುದು. ಉಪ್ಪುನೀರಿನ ಟ್ಯಾಂಕುಗಳ ರಸಾಯನದ ಬಗ್ಗೆ ವರ್ಷಗಟ್ಟಲೆ ಬರೆದಿರುವ ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಹೇಳಿದ ಲೆಕ್ಕ ಇದು: 36.5 ಗ್ರಾಂ ಉಪ್ಪು, 963.5 ಗ್ರಾಂ ಡಿಸ್ಟಿಲ್ಡ್ ನೀರು. ಬೆಳಕನ್ನು ಬಾಗಿಸುವುದರಲ್ಲಿ ಇದು 35 ಪಿಪಿಟಿ ಸಮುದ್ರದ ನೀರಿಗೆ ಸಮ. ನಮ್ಮ ಮಳೆಗಾಲದಲ್ಲಿ ಉಪ್ಪು ತೇವ ಹೀರಿಕೊಂಡಿರುತ್ತದೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ ತೂಗಿ. ಇದು ರಿಫ್ರ್ಯಾಕ್ಟೋಮೀಟರಿಗೆ ಮಾತ್ರ. ವಿದ್ಯುತ್ ವಾಹಕತೆ ನೋಡಿ ಹೇಳುವ ಡಿಜಿಟಲ್ ಮೀಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ನೀರು ಆರಿದರೆ 35 ಇದ್ದದ್ದು 36 ಆಗುತ್ತದೆ, ಆಗ ತಪ್ಪು ದ್ರಾವಣಕ್ಕೇ ಉಪಕರಣ ಹೊಂದಿಸಿದಂತೆ.

ಎರಡನೆಯದು ಕೆಎಚ್ ಕಿಟ್. ಸ್ಯಾಲಿಫರ್ಟ್ ಕಂಪನಿಯದ್ದು ಆಗಬಹುದು, ಅದರಂಥ ಬೇರೆ ಯಾವುದಾದರೂ ಸಿರಿಂಜ್ ಕಿಟ್ ಆಗಬಹುದು. ಬಣ್ಣ ನೀಲಿಯಿಂದ ಕೆಂಪಿಗೆ ಒಂದೇ ಹನಿಯಲ್ಲಿ ತಿರುಗುತ್ತದೆ, ಕಾರ್ಡಿಗೆ ಹೋಲಿಸುವ ಗೊಂದಲವೇ ಇಲ್ಲ. ಸಿರಿಂಜಿನಲ್ಲಿ ಎಷ್ಟು ಉಳಿಯಿತು ಎಂದು ಓದಿದರೆ ಆಯಿತು. ಕೊಟ್ಟ ದುಡ್ಡಿಗೆ ಇಷ್ಟು ನಿಖರ ಉತ್ತರ ಕೊಡುವ ಕಿಟ್ ಇನ್ನೊಂದಿಲ್ಲ. ಹಾನ್ನಾ ಕಂಪನಿಯ ಡಿಜಿಟಲ್ ಕೆಎಚ್ ಚೆಕ್ಕರ್ ನೋಡಲು ಚೆಂದ, ಅಂಕಿಯನ್ನು ದಶಾಂಶದಲ್ಲೇ ತೋರಿಸುತ್ತದೆ. ಆದರೆ ಅದರ ಜೊತೆ ಬರುವ ಪುಸ್ತಿಕೆಯಲ್ಲೇ ಬರೆದಿರುತ್ತದೆ, 0.3 ಡಿಗ್ರಿ ಮತ್ತು ಓದಿನ ನೂರಕ್ಕೆ 5 ಆಚೀಚೆ ಆಗಬಹುದು ಎಂದು. 8 ಎಂದು ತೋರಿಸಿದರೆ ನಿಜ 7.3 ಇರಬಹುದು, 8.7 ಇರಬಹುದು. ಪರದೆಯ ಮೇಲೆ ದಶಾಂಶ ಕಂಡಿತು ಎಂದು ಮನಸ್ಸು ಸೋಲಬಾರದು. ಕೆಂಪು ಹಸಿರು ಗುರುತಿಸಲು ಕಷ್ಟ ಇರುವವರಿಗೆ ಮಾತ್ರ ಡಿಜಿಟಲ್ಲೇ ಸರಿ. ಗಂಡಸರಲ್ಲಿ ಈ ತೊಂದರೆ ಇರುವವರು ಸಾಕಷ್ಟಿದ್ದಾರೆ, ಎಷ್ಟೋ ಜನರಿಗೆ ತಮಗಿದೆ ಎಂದೇ ಗೊತ್ತಿರುವುದಿಲ್ಲ. ಮನೆಯಲ್ಲಿ ಇನ್ನೊಬ್ಬರನ್ನು ಕರೆದು ಅದೇ ಟ್ಯೂಬ್ ತೋರಿಸಿ, ಇಬ್ಬರಿಗೂ ಒಂದೇ ಕಾಣುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಮೂರನೆಯದು ನೈಟ್ರೇಟಿಗೆ ಕಡಿಮೆ ಮಟ್ಟವನ್ನೂ ಓದುವ ಕಿಟ್. ಈಗ ಇರುವ ಎಪಿಐ ಕಿಟ್ ಮೀನಿಗಷ್ಟೇ ಆದರೆ ಸಾಕು. ಕೋರಲ್ ಬಂದಾಗ 2, 5, 10ರ ನಡುವಿನ ವ್ಯತ್ಯಾಸ ಬೇಕಾಗುತ್ತದೆ. ಸ್ಯಾಲಿಫರ್ಟ್‌ನಲ್ಲಿ ಟ್ಯೂಬನ್ನು ಮೇಲಿನಿಂದ ನೋಡುವ ಬದಲು ಪಕ್ಕದಿಂದ ನೋಡಿ, ಬಂದದ್ದನ್ನು ಹತ್ತರಿಂದ ಭಾಗಿಸಿ ಕಡಿಮೆ ಮಟ್ಟ ಓದಬಹುದು. ನಯೋಸ್, ರೆಡ್ ಸೀ ಪ್ರೋ ಕೂಡ ಒಳ್ಳೆಯವು. ಯಾವುದು ನಿಮಗೆ ತಾಜಾ ಆಗಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ, ಮೇಲೆ ಹೇಳಿದ 10 ಪಿಪಿಎಂ ನೀರಿನಲ್ಲಿ ಒಮ್ಮೆ ನೋಡಿ.

ಅಮೋನಿಯಾಕ್ಕೆ ಈಗಿರುವುದೇ ಸಾಕು, ಇನ್ನೊಂದು ಬೇಡ. ನೈಟ್ರೈಟ್ ಬಗ್ಗೆ ಉಪ್ಪುನೀರಿನಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನೀರಿನಲ್ಲಿರುವ ಅಪಾರ ಕ್ಲೋರೈಡ್ ಅದನ್ನು ಕಿವಿರಿನಲ್ಲಿ ಒಳಗೆ ಹೋಗಲು ಬಿಡುವುದಿಲ್ಲ. ಪಿಎಚ್ ಹನಿ ಕಿಟ್‌ಗೆ ದುಡ್ಡು ಹಾಕಬೇಡಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಕಿಟ್‌ಗಳು ಗಟ್ಟಿ ಹವಳ ಸಾಕುವವರಿಗೆ. ನಿಮಗೆ ಸದ್ಯಕ್ಕೆ ಬೇಡ.

ಫಾಸ್ಫೇಟ್ ಒಂದಕ್ಕೆ ಮಾತ್ರ ಕಣ್ಣನ್ನು ನಂಬಬೇಡಿ ಎನ್ನುತ್ತೇನೆ. ನಮಗೆ ಬೇಕಾದ ಮಟ್ಟ 0.03, 0.08 ಹೀಗೆ. ಅಷ್ಟು ತಿಳಿ ನೀಲಿಯಲ್ಲಿ ವ್ಯತ್ಯಾಸ ಹೇಳುವುದು ಯಾರ ಕಣ್ಣಿಗೂ ಕಷ್ಟ. ಅದಕ್ಕೆ ಹಾನ್ನಾ ಚೆಕ್ಕರ್ ಥರದ್ದೇ ಬೇಕು. ಸಾಫ್ಟ್ ಕೋರಲ್ ತರುವ ತಿಂಗಳು ಕೊಳ್ಳಿ. ಮಾದರಿ ನೋಡಿ ಕೊಳ್ಳಿ. ಎಚ್‌ಐ736 ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಫಾಸ್ಫರಸ್ ಹೇಳುತ್ತದೆ, 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಎಚ್‌ಐ774 ನೇರವಾಗಿ ಫಾಸ್ಫೇಟ್ ಹೇಳುತ್ತದೆ. ಎಚ್‌ಐ713 ಇವೆರಡಕ್ಕಿಂತ ಹೆಚ್ಚಿನ ಮಟ್ಟಕ್ಕೆ. ಅದರ ತಪ್ಪಿನ ಅಂತರವೇ 0.04, ಹಾಗಾಗಿ ಕೋರಲ್‌ಗೆ ಮೊದಲೆರಡರಲ್ಲಿ ಒಂದು ನೋಡಿ. ಸೊನ್ನೆ ಮಾಡಲು ಬಳಸಿದ ಗಾಜಿನ ಬಾಟಲಿಯಲ್ಲೇ ಟೆಸ್ಟ್ ಮಾಡಿ, ಬೆರಳಚ್ಚು ಒರೆಸಿ, ಗುಳ್ಳೆ ಹೋಗುವವರೆಗೆ ಕಾಯಿರಿ.

ನಿಮ್ಮ ನೈಟ್ರೇಟ್ 40 ಎಲ್ಲಿಂದ ಬಂತು ಎಂಬುದು ಉಳಿಯಿತು. ಮೂರೇ ಜೀವಕ್ಕೆ, ಒಂದೇ ವಾರದಲ್ಲಿ ಮೂರು ಸಲ ನೀರು ಬದಲಿಸಿದ ಮೇಲೂ ಅಷ್ಟು ಇದ್ದರೆ ನನಗೆ ಅನುಮಾನ ನಿಮ್ಮ ಪ್ಯೂರಿಫೈಯರ್ ಮೇಲೆ. ಮನೆಯ ಆರ್‌ಒ ಯಂತ್ರಗಳಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇರುತ್ತದೆ. ನೀರು ರುಚಿಯಾಗಿರಲಿ ಎಂದು ಶೋಧಿಸಿದ ನೀರಿಗೆ ಸ್ವಲ್ಪ ಮೂಲ ನೀರನ್ನೇ ಸೇರಿಸುವ ವ್ಯವಸ್ಥೆ ಅದು. ಕುಡಿಯಲು ಒಳ್ಳೆಯದು. ಆದರೆ ಮೂಲದಲ್ಲಿ ಬೋರ್‌ವೆಲ್ ನೀರಿದ್ದರೆ ಅದರ ನೈಟ್ರೇಟೂ ನಿಮ್ಮ ಟ್ಯಾಂಕಿಗೆ ಬರುತ್ತದೆ. ನೀರು ಬದಲಿಸಿದಷ್ಟೂ ನೈಟ್ರೇಟ್ ಸುರಿದಂತೆ ಆಗುತ್ತದೆ. ಅದೇ ಎಪಿಐ ಕಿಟ್‌ನಲ್ಲಿ, ಬಾಟಲಿ ಚೆನ್ನಾಗಿ ಕುಲುಕಿ, ಪ್ಯೂರಿಫೈಯರ್ ನೀರನ್ನೇ ಒಮ್ಮೆ ನೋಡಿ. ಹಳದಿ ಬಂದರೆ ನನ್ನ ಅನುಮಾನ ತಪ್ಪು, ಆಗ ಊಟ ಹಾಕುವ ಪ್ರಮಾಣ, ಫಿಲ್ಟರಿನ ಸ್ಪಂಜು ನೋಡೋಣ. ಕಿತ್ತಳೆ ಬಂದರೆ, ಮುಂದಿನ ಕಿಟ್‌ಗೆ ಮೊದಲು ಉಳಿದ ಲವಣಗಳನ್ನು ಹಿಡಿದುಕೊಳ್ಳುವ ಡಿಐ ರಾಳದ ಒಂದು ಕಾರ್ಟ್ರಿಡ್ಜ್ ತಂದು ಆರ್‌ಒ ನಂತರ ಜೋಡಿಸಿ. ಆ ತಿರುಪಿನ ದಾರಿ, ಮಿನರಲ್ ಕಾರ್ಟ್ರಿಡ್ಜ್ ಎರಡನ್ನೂ ಬಿಟ್ಟು ನೀರು ತೆಗೆದುಕೊಳ್ಳುವಂತೆ ಮಾಡಿಸಿ. ಟಿಡಿಎಸ್ ಮೀಟರ್ ಆಗ ಸೊನ್ನೆ ಅಥವಾ ಒಂದು ತೋರಿಸಬೇಕು.

ಒಂದು ಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಹೊತ್ತು, ಉಪ್ಪಿನಂಶ, ಕೆಎಚ್, ನೈಟ್ರೇಟ್, ಯಾವ ಕಿಟ್, ಇಷ್ಟು ಬರೆಯಿರಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಒಂದು ದಿನದ ಅಂಕಿಗಿಂತ ಆರು ವಾರದ ಏರಿಳಿತ ಜಾಸ್ತಿ ಹೇಳುತ್ತದೆ. ವಿಚಿತ್ರವಾದ ಅಂಕಿ ಬಂದರೆ ಟ್ಯಾಂಕಿಗೆ ಏನನ್ನೂ ಹಾಕುವ ಮೊದಲು ಅದೇ ಟೆಸ್ಟ್ ಮತ್ತೊಮ್ಮೆ ಮಾಡಿ. ಮೀನು ಏದುಸಿರು ಬಿಡುತ್ತಿದ್ದರೆ ಮಾತ್ರ ಟೆಸ್ಟ್‌ಗೆ ಕಾಯಬೇಡಿ, ನೀರು ಬದಲಿಸಿ.

ಈ ಭಾನುವಾರ ಮೂರು ಟ್ಯೂಬಿನ ಪರೀಕ್ಷೆ ಮಾಡಿ, ಪ್ಯೂರಿಫೈಯರ್ ನೀರಿನ ನೈಟ್ರೇಟ್ ನೋಡಿ, ರಿಫ್ರ್ಯಾಕ್ಟೋಮೀಟರ್ ಬಂದ ದಿನ ಉಪ್ಪಿನಂಶ ನೋಡಿ. ಮೂರೂ ಉತ್ತರ ಬರೆದು ಕಳಿಸಿ. ಉಪ್ಪಿನಂಶ 35ಕ್ಕಿಂತ ಬಹಳ ಆಚೀಚೆ ಇದ್ದರೆ ಒಂದೇ ಸಲ ಸರಿಪಡಿಸಲು ಹೋಗಬೇಡಿ, ದಿನಕ್ಕೆ ಒಂದರಷ್ಟು ಮಾತ್ರ ಬದಲಾಗಲಿ. ಸಿಗಡಿಗೆ ಅದಕ್ಕಿಂತ ವೇಗ ತಡೆಯುವುದಿಲ್ಲ.